ಮರಿ ಎಣಿಸುವವಳ ಅನುಮಾನ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮರಿಯಕ್ಕ ಎನ್ನುತ್ತಿದ್ದರು. ಕುರಿ ಸಾಕಿದವಳಲ್ಲ, ಕೋಳಿ ಸಾಕಿದವಳೂ ಅಲ್ಲ. ಇಪ್ಪತ್ತೆರಡು ವರ್ಷದಿಂದ ಮೈಕ್ರೋಸ್ಕೋಪಿನ ಮುಂದೆ ಕೂತು ಮರಿ ಎಣಿಸಿದವಳು. ಹೊಸ ಔಷಧಿ ಬಂದರೆ ಮೊದಲು ಅದನ್ನು ಆರೋಗ್ಯವಂತರೊಬ್ಬರ ರಕ್ತದ ಜೀವಕೋಶಗಳಿಗೆ ಹಾಕಿ ನೋಡುತ್ತಾರೆ. ಔಷಧಿ ಕೆಟ್ಟದ್ದಾದರೆ ಕೋಶದೊಳಗಿನ ವಂಶದ ಎಳೆ ತುಂಡಾಗುತ್ತದೆ. ಕೋಶ ಒಡೆದು ಎರಡಾಗುವ ಹೊತ್ತಿಗೆ ಆ ತುಂಡು ಅತ್ತಲೂ ಸೇರದೆ ಇತ್ತಲೂ ಸೇರದೆ ಒಂದು ಪುಟ್ಟ ಚುಕ್ಕೆಯಾಗಿ ಪಕ್ಕದಲ್ಲಿ ಉಳಿದುಬಿಡುತ್ತದೆ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ಮರಿ. ಸಾವಿರ ಕೋಶಕ್ಕೆ ಐದೋ ಹತ್ತೋ ಮರಿ ಯಾರ ರಕ್ತದಲ್ಲೂ ಇರುತ್ತವೆ. ಇಪ್ಪತ್ತು ದಾಟಿತೋ, ಆ ಔಷಧಿಯ ಕಥೆ ಮುಗಿದಂತೆ.

ಮರಿಯಕ್ಕನಿಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಹಾಲಿನವನ ಅಳತೆ, ಅಂಗಡಿಯವನ ತಕ್ಕಡಿ, ಬಸ್ಸಿನ ಬೋರ್ಡು, ಯಾವುದನ್ನೂ ಅವಳು ಒಂದೇ ಸಲಕ್ಕೆ ನಂಬಿದವಳಲ್ಲ. ಗಡಿಯಾರ ರಿಪೇರಿ ಮಾಡುವ ಗಂಡ ರೇಗಿಸುತ್ತಿದ್ದ: “ನಾನು ಕೆಮ್ಮಿದ್ರೂ ನಿಜವಾದ ಕೆಮ್ಮೋ ಸುಳ್ಳು ಕೆಮ್ಮೋ ಅಂತ ನೋಡ್ತೀಯಲ್ಲೇ, ಮಹಾತಾಯಿ!”

ಹೊಸ ಮುಖ್ಯಸ್ಥ ಬಂದ ಮೇಲಂತೂ ಕೇಳಲೇಬೇಡಿ. ತಲೆನೋವಿನ ಔಷಧಿಯೊಂದು ಪರೀಕ್ಷೆಗೆ ಬಂದ ದಿನ ಅವನು ಸಭೆಯಲ್ಲಿ, “ಇದೊಂದು ಬೇಗ ಪಾಸಾಗ್ಬಿಟ್ರೆ ಸಾಕಪ್ಪ” ಎಂದುಬಿಟ್ಟ. ಸುಸ್ತಾದವನ ಮಾತು ಎಂದು ಉಳಿದವರು ನಕ್ಕರು. ಮರಿಯಕ್ಕನ ಕಿವಿ ನೆಟ್ಟಗಾಯಿತು. ಪಾಸಾಗಬೇಕಂತೆ! ಹಾಗಾದರೆ ಇವನು ಸ್ಲೈಡ್ ಬದಲಾಯಿಸದೆ ಬಿಡುವುದಿಲ್ಲ.

ಅಲ್ಲಿನ ಪದ್ಧತಿಯೇ ಬೇರೆ. ಯಾವ ಸ್ಲೈಡಿನಲ್ಲಿ ಔಷಧಿ ಬಿದ್ದಿದೆ, ಯಾವುದರಲ್ಲಿ ಇಲ್ಲ ಎಂಬುದು ಎಣಿಸುವವರಿಗೆ ಗೊತ್ತಾಗಕೂಡದು. ಗುಣಮಟ್ಟ ನೋಡಿಕೊಳ್ಳುವ ಮೇಡಂ ಎಲ್ಲದರ ಹೆಸರೂ ಮುಚ್ಚಿ, ಬರೀ ಸಂಖ್ಯೆ ಅಂಟಿಸಿ, ಕಲಸಿ ಕೊಡುತ್ತಾರೆ. ಇಬ್ಬರು ಬೇರೆಬೇರೆಯಾಗಿ ಎಣಿಸುತ್ತಾರೆ. ಮರಿಯಕ್ಕ ಏನು ಮಾಡಿದಳು ಗೊತ್ತೇ? ಸಂಖ್ಯೆ ಅಂಟಿಸುವ ಮುಂಚೆ, ಏನೋ ನೆಪ ಹೇಳಿ ಸ್ಲೈಡ್ ತಯಾರಿಸುವ ಕೋಣೆಗೆ ಹೋಗಿ, ಔಷಧಿ ಜಾಸ್ತಿ ಹಾಕಿದ ಮೂರು ಸ್ಲೈಡುಗಳ ಬೆನ್ನಿಗೆ ಗಾಜು ಗೀರುವ ಪೆನ್ನಿನಿಂದ ಸಾಸಿವೆಗಿಂತ ಸಣ್ಣ ಗುರುತು ಹಾಕಿ ಬಂದಳು. ಬದಲಾಯಿಸಿದರೆ ಕಳ್ಳ ಸಿಕ್ಕಿಬೀಳಲಿ ಎಂದು.

ಸ್ಲೈಡುಗಳು ಕೈಗೆ ಬಂದವು. ಮೂರೂ ಗುರುತು ಇದ್ದಲ್ಲೇ ಇದ್ದವು. ಬೇರೆಯವಳಾಗಿದ್ದರೆ ಸಮಾಧಾನವಾಗುತ್ತಿತ್ತು. ಇವಳು ಎಣಿಸಿದಳು: ಗುರುತಿನ ಸ್ಲೈಡುಗಳಲ್ಲಿ ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತೊಂದು. ಅದೇ ಸ್ಲೈಡುಗಳಿಗೆ ಎರಡನೇ ಎಣಿಕೆಯವನು ಬರೆದದ್ದು ಎಂಟು, ಏಳು, ಒಂಬತ್ತು. ಇವನು ಬಾಯಿ ಸತ್ತ ಮನುಷ್ಯ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು; ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಗೂ ಎರಡು ಮಕ್ಕಳಿಗೂ ಇವನ ದುಡಿಮೆಯೇ ಗತಿ.

“ಓಹೋ, ಸ್ಲೈಡ್ ಬದಲಾಯಿಸೋ ತಾಪತ್ರಯವೇ ಬೇಡ ಅಂತ ಮನುಷ್ಯನ್ನೇ ಕೊಂಡ್ಕೊಂಡಿದಾರೆ!” ಎಂದಳು ಗಂಡನಿಗೆ.

“ನೀನು ಕಣ್ಣಾರೆ ಕಂಡ್ಯಾ?”

“ಕಾಣೋದೇನು ಬಂತು? ಲೆಕ್ಕ ಎದುರಿಗೇ ಇದ್ಯಲ್ಲ!”

ಗುರುತಿನ ವಿಷಯ ಬಾಯಿಬಿಡದೆ ಮೇಡಂಗೆ ದೂರು ಕೊಟ್ಟಳು. ಸುಳ್ಳು ಎಣಿಕೆ ಬರೆದವನಿಗೆ ಅಲ್ಲಿ ಮಾತ್ರವಲ್ಲ, ಎಲ್ಲೂ ಆ ಕೆಲಸ ಸಿಗುವುದಿಲ್ಲ. ಸೋಮವಾರ ವಿಚಾರಣೆ ಎಂದಾಯಿತು. ಅವನು ಒಂದೇ ಮಾತು ಕೇಳಿದ: “ಅಕ್ಕಾ, ನಾನು ನಿಮಗೇನು ಮಾಡಿದ್ದೆ?” ಮರಿಯಕ್ಕ ಮುಖ ತಿರುಗಿಸಿದಳು. ನಾಟಕ ಆಡುತ್ತಾನೆ ಎನಿಸಿತು.

ಶನಿವಾರ ಅರ್ಧ ದಿನ ರಜೆ. ವಿಚಾರಣೆಯಲ್ಲಿ ಯಾರೂ ತನ್ನ ಲೆಕ್ಕಕ್ಕೆ ಬೆರಳು ತೋರಿಸಬಾರದು, ಇನ್ನೊಮ್ಮೆ ಎಣಿಸಿ ಗಟ್ಟಿ ಮಾಡಿಕೊಳ್ಳುತ್ತೇನೆ ಎಂದು ಅವಳು ಉಳಿದುಕೊಂಡಳು. ಗುರುತಿನ ಮೂರರ ಜೊತೆಗೆ, ದೂರಿನ ಮೇಲೆ ಹೆಸರು ಬಿಚ್ಚಿದ್ದ ಪಟ್ಟಿ ನೋಡಿ, ಔಷಧಿಯೇ ಬೀಳದ ಮೂರು ಸ್ಲೈಡುಗಳನ್ನೂ ಸೇರಿಸಿದಳು. ನೆಲ ಒರೆಸುವ ಹೆಂಗಸನ್ನು ಕರೆದು, “ನಂಬರು ಗಿಂಬರು ಏನೂ ಕಾಣದ ಹಾಗೆ ಇವುಗಳ ತುದಿಗೆ ಎರಡೂ ಕಡೆ ಬಿಳಿ ಟೇಪು ಸುತ್ತಮ್ಮ. ಆಮೇಲೆ ಚೆನ್ನಾಗಿ ಕಲಸು” ಎಂದಳು.

“ಇಸ್ಪೀಟು ಕಲಸಿದ ಹಾಗಾ?” ಎಂದು ಆಕೆ ನಗುತ್ತಲೇ ಕಲಸಿದಳು.

ಸಂಜೆಯವರೆಗೆ ಎಣಿಸಿದಳು. ಮೊದಲನೆಯದು ಎಂಟು. ಎರಡನೆಯದು ಆರು. ಸರಿ, ಇವೆರಡೂ ಔಷಧಿ ಇಲ್ಲದವು ಎಂದುಕೊಂಡಳು. ಮೂರನೆಯದು ಒಂಬತ್ತು. ನಾಲ್ಕನೆಯದು ಏಳು. ಮೈಕ್ರೋಸ್ಕೋಪಿನ ಗಾಜು ಒರೆಸಿಕೊಂಡು ಮತ್ತೆ ಕೂತಳು. ಐದನೆಯದು ಹತ್ತು, ಆರನೆಯದು ಮತ್ತೆ ಏಳು. ಟೇಪು ಕಿತ್ತಳು. ಮೂರು, ನಾಲ್ಕು, ಐದನೆಯವುಗಳ ಬೆನ್ನಲ್ಲಿ ಅವಳದೇ ಗುರುತು.

ಒಂದನ್ನು ಮತ್ತೆ ಮೈಕ್ರೋಸ್ಕೋಪಿನಡಿ ಇಟ್ಟಳು. ಮೊದಲ ಸಲ ಎಣಿಸಿದ್ದ ಮರಿಗಳನ್ನು ಒಂದೊಂದಾಗಿ ಹುಡುಕಿದಳು. ಒಂದು ಬಣ್ಣದ ಹರಳು. ಇನ್ನೊಂದು, ಮೇಲೆ ಬಂದು ಕೂತ ಬೇರೆ ಕೋಶದ ಅಂಚು. ಇದು ಹಾಳು ಔಷಧಿಯ ಸ್ಲೈಡ್ ಎಂದು ಗೊತ್ತಿದ್ದ ಕಣ್ಣು, ಕಂಡ ಕಂಡ ಕಸವನ್ನೆಲ್ಲ ಮರಿ ಮಾಡಿತ್ತು. ಅಯ್ಯೋ ದೇವರೇ, ಹೆಸರು ಮುಚ್ಚಿ ಕೊಡುತ್ತಿದ್ದದ್ದು ಕಳ್ಳರಿಗೆ ಹೆದರಿಯಲ್ಲ, ತನ್ನಂಥವರ ಕಣ್ಣಿಗೆ ಹೆದರಿ. ಇಷ್ಟು ವರ್ಷ ಕೂತೂ ಅವಳಿಗೆ ಅದು ಹೊಳೆದಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಹೋದಾಗ ಎರಡನೇ ಎಣಿಕೆಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಹೊರಗೆ ಕೂತಿದ್ದ. ಅವನನ್ನು ದಾಟಿ ಒಳಗೆ ಹೋಗಿ, ಗುರುತು ಹಾಕಿದ್ದರಿಂದ ಹಿಡಿದು ಟೇಪಿನವರೆಗೆ ಎಲ್ಲವನ್ನೂ ಮೇಡಂಗೆ ಒದರಿಬಿಟ್ಟಳು.

ಮೇಡಂ ಪೆನ್ನು ಕೆಳಗಿಟ್ಟರು. “ಅವರ ಮೇಲಿನ ದೂರು ಇಲ್ಲಿಗೆ ಮುಗೀತು. ಆದ್ರೆ ಈ ಪರೀಕ್ಷೆ ಪೂರ್ತಿ ರದ್ದು. ನೀವು ಇವತ್ತಿಂದ ಮೈಕ್ರೋಸ್ಕೋಪ್ ಮುಟ್ಟೋ ಹಾಗಿಲ್ಲ.”

“ಸರಿ ಮೇಡಂ.”

“ಇನ್ನೆಷ್ಟು ಸ್ಲೈಡಿಗೆ ಗುರುತು ಹಾಕಿದೀರಿ? ಇಪ್ಪತ್ತೆರಡು ವರ್ಷದಲ್ಲಿ?”

“ಇದೊಂದೇ ಸಲ. ನನ್ನ ಮಕ್ಕಳಾಣೆ.”

ಮೇಡಂ ಅವಳ ಮುಖವನ್ನೇ ನೋಡಿದರು. ಆಮೇಲೆ ಫೋನೆತ್ತಿ, ಮರಿಯಕ್ಕ ಎಣಿಸಿದ ಹಳೆಯ ಪೆಟ್ಟಿಗೆಗಳನ್ನೆಲ್ಲ ಕೆಳಗೆ ತರಲು ಹೇಳಿದರು. ಅವಳಿಗೆ ಸಿಟ್ಟು ಉಕ್ಕಿ ಬಂತು, ಬಂದಷ್ಟೇ ಬೇಗ ಇಳಿದೂ ಹೋಯಿತು. ಮೊದಲ ಪೆಟ್ಟಿಗೆ ಬಂತು. ಮೇಡಂ ಒಂದು ಸ್ಲೈಡ್ ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ ಬೆನ್ನು ನೋಡಿದರು.

“ನೋಡಿ ಮೇಡಂ, ಎಲ್ಲಾನೂ ನೋಡಿ” ಎಂದಳು ಮರಿಯಕ್ಕ, ಕಣ್ಣೊರೆಸಿಕೊಳ್ಳುತ್ತ. “ನಾನಾಗಿದ್ರೂ ನಂಬ್ತಿರ್ಲಿಲ್ಲ.”