ಚೀಟಿಯಿಲ್ಲದೆ ಬಂದ ಹಣ

ಮೊನ್ನೆ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿದ ಮೇಲೆ ರಿಜಿಸ್ಟರ್ ಲಕೋಟೆಯೊಂದನ್ನು ಹಾಕಲು ಕುಮಟಾದ ಅಂಚೆ ಕಚೇರಿಗೆ ಹೋಗಿದ್ದೆ. ಕೌಂಟರಿನ ಬದಿಯ ಅಂಟಿನ ಡಬ್ಬಿಯಿಂದ ಹುಳಿ ವಾಸನೆ ಬಂತು. ನೀವೂ ಅದನ್ನು ಬಲ್ಲಿರಿ. ನನಗೆ ಮಾತ್ರ ಅದು ಅಣ್ಣನ ನೆನಪು. ಅವನು ಹೋಗಿ ವರ್ಷವಾಯಿತು.

ಅಣ್ಣ ಮುಂಬಯಿ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಹೊನ್ನಾವರದಲ್ಲಿ ಒಣಮೀನು ಮಾರಿ ನಮ್ಮಿಬ್ಬರನ್ನೂ ದೊಡ್ಡವರನ್ನಾಗಿ ಮಾಡಿದವಳು ಅಕ್ಕ. ಅವಳಿಗೆ ಅವನು ತಿಂಗಳು ತಿಂಗಳು ಮನಿಯಾರ್ಡರ್ ಕಳಿಸುತ್ತಿದ್ದ. ಫೋನಿನಲ್ಲಾದರೆ ‘ಹ್ಞೂಂ, ಆತು’ ಎಂದು ಇಟ್ಟುಬಿಡುವವನು. ಆದರೆ ಮನಿಯಾರ್ಡರ್ ಫಾರ್ಮಿನ ಕೆಳಗೆ ಸುದ್ದಿಗೆಂದು ಬಿಟ್ಟ ನಾಲ್ಕು ಬೆರಳಗಲದ ಚೀಟಿಯಲ್ಲಿ ಇರುವೆಸಾಲಿನಂತೆ ಬರೆಯುತ್ತಿದ್ದ: ಹಲ್ಲುನೋವು, ಪಕ್ಕದ ಖೋಲಿಯವರ ಜಗಳ, ಅಲ್ಲಿಯ ಬಂಗಡೆಗೆ ರುಚಿಯಿಲ್ಲವೆಂಬ ದೂರು. ಅಕ್ಕನಿಗೆ ಓದು ಬಾರದು. ಪೋಸ್ಟ್‌ಮನ್ ಜಗುಲಿಯಲ್ಲಿ ಕೂತು ಓದುತ್ತಿದ್ದರು. ಒಮ್ಮೆ ಅವರು, ಈ ಸಲ ಅಕ್ಷರ ಸೊಟ್ಟಗಿದೆ, ಕೈ ನಡುಗಿದ ಹಾಗಿದೆ ಎಂದರು. ಅಕ್ಕ ಅದೇ ವಾರ ನನ್ನನ್ನು ಮುಂಬಯಿಗೆ ಅಟ್ಟಿದಳು. ಹೋಗಿ ನೋಡಿದರೆ ಅಣ್ಣ ಮಲೇರಿಯಾದಲ್ಲಿ ಮಲಗಿದ್ದ.

ಆಮೇಲೆ ಇಂಟರ್‌ನೆಟ್ ಬಂತು. ಕುಮಟಾದ ಸೈಬರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಎರಡೇ ಬೆರಳಿನಲ್ಲಿ ಟೈಪು ಕಲಿತ ನಾನು ಊರಿಗೆಲ್ಲ ಉಪದೇಶ ಮಾಡುವವನಾದೆ. ಅಕ್ಕನ ಹೆಸರಲ್ಲಿ ಖಾತೆ ತೆರೆಸಿದೆ. ರಜೆಯಲ್ಲಿ ಮುಂಬಯಿಗೆ ಹೋಗಿ, ಪ್ರತಿ ಐದನೇ ತಾರೀಕು ಅಣ್ಣನ ಖಾತೆಯಿಂದ ಹಣ ತಾನಾಗಿಯೇ ಅವಳ ಖಾತೆಗೆ ಹೋಗುವಂತೆ ಮಾಡಿಸಿದೆ. ಅಣ್ಣ ಕಂಪ್ಯೂಟರಿನ ಪರದೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ಬರೆಯೂದು ಎಲ್ಲಿ?”

“ಬರೆಯೂದು ಎಂತಕ್ಕೆ, ಅಣ್ಣ?” ಎಂದು ನಕ್ಕೆ.

ಹಣ ಒಂದು ತಿಂಗಳೂ ತಪ್ಪಲಿಲ್ಲ. ಅಕ್ಕ ಫೋನಿನಲ್ಲಿ ಬಂತಾ ಎಂದು ಕೇಳುವಳು, ನಾನು ನೋಡಿ ಬಂತು ಎನ್ನುವೆ. “ಹಂಗಾರೆ ಆರಾಮ ಇದ್ದಾನೆ, ಬಿಡು” ಎನ್ನುವಳು. ಹೊರಗೆ ದುಡಿಯುವವರಿರುವ ನಮ್ಮ ಕಡೆಯ ಮನೆಗಳಲ್ಲೆಲ್ಲ ಹಾಗೆಯೇ. ಹಣ ಬಂತೆಂದರೆ ಆಳು ಸುಖವಾಗಿದ್ದಾನೆ. ಈಗ ಅದು ಬರಲು ಆಳು ಎದ್ದು ಅಂಚೆ ಕಚೇರಿಗೆ ಹೋಗಬೇಕಾಗಿಲ್ಲ ಎಂಬುದು ನಮಗೆ ಹೊಳೆಯಲೇ ಇಲ್ಲ. ಕಲಿಸಿದ ನನಗೂ.

ಕಳೆದ ವರ್ಷದ ಮಳೆಗಾಲದಲ್ಲಿ ಅಣ್ಣ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ. ನಮಗೆ ತೊಂದರೆ ಯಾಕೆಂದು ಹೇಳಲಿಲ್ಲ. ಫೋನ್ ಮಾಡಿದರೆ ಅದೇ ‘ಹ್ಞೂಂ, ಆತು’. ಮೂರು ಐದನೇ ತಾರೀಕೂ ಹಣ ಬಂತು. ಕೊನೆಗೆ ಅವನ ಖೋಲಿಯ ಜೊತೆಗಾರ ಫೋನ್ ಮಾಡಿದ; ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿಗೆ ಬಂದು ಹನ್ನೊಂದನೇ ದಿನದ ಕಾರ್ಯ ಮುಗಿಸಿದ ಮರುದಿನ ಐದನೇ ತಾರೀಕು. ಅಂದೂ ಹಣ ಬಂತು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವನ ಕೈ ನಡುಗಿದ್ದು ಯಾರಿಗೂ ಕಾಣ್ಲಿಲ್ಲ, ಅಲ್ದಾ?” ಎಂದಳು.

ಯಂತ್ರವನ್ನು ನಾನು ದೂರುವುದಿಲ್ಲ. ಹೇಳಿದ್ದನ್ನು ಅದು ಮಾಡಿತು. ನನ್ನ ಜೊತೆ ಪಾಠ ಹೇಳುವ ಭಟ್ಕಳದವರೊಬ್ಬರ ತಾಯಿಯ ಆಪರೇಷನ್ನಿಗೆ ದುಬೈಯಿಂದ ಒಂದೇ ದಿನದಲ್ಲಿ ಹಣ ಬಂದು ಆ ಜೀವ ಉಳಿದದ್ದೂ ಇದರಿಂದಲೇ. ಸಾಲದ್ದಕ್ಕೆ ಅಣ್ಣ ಹೋದ ಮೇಲೆ ನಾನೂ ಅಕ್ಕನಿಗೆ ಹೀಗೇ ಖಾತೆಯಿಂದ ಖಾತೆಗೆ ಹಾಕುತ್ತಿದ್ದೆ. ಎದುರು ಹೋಗಿ ನಿಲ್ಲಲು ಧೈರ್ಯವಿರಲಿಲ್ಲ.

ಮೊನ್ನೆ ಅಂಚೆ ಕಚೇರಿಯಿಂದ ಹೊರಬಂದವನು ಮನೆಗೆ ಹೋಗದೆ ಹೊನ್ನಾವರದ ಬಸ್ಸು ಹತ್ತಿದೆ. ಆ ತಿಂಗಳ ಹಣವನ್ನು ಕೆಮ್ಮುತ್ತಲೇ ಅಕ್ಕನ ಕೈಯಲ್ಲಿಟ್ಟೆ. ಅವಳು ಅದನ್ನು ನೋಡದೆ ಪಕ್ಕಕ್ಕಿಟ್ಟು ನನ್ನ ಮುಖವನ್ನೇ ನೋಡಿದಳು.

“ಈ ಕೆಮ್ಮು ಎಷ್ಟು ದಿನ ಆತು?”

ಎರಡು ದಿನ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

“ತಿಂಗ್ಳಾತು, ಅಕ್ಕ.”

ಅವಳು ಸೆರಗು ಸಿಕ್ಕಿಸಿ ಎದ್ದಳು. “ಚಪ್ಪಲಿ ಹಾಕ್ಕೊ. ಡಾಕ್ಟರು ಇನ್ನೂ ಕೂತಿರ್ತಾರೆ.”