ಅಂಗಳದಲ್ಲಿಟ್ಟ ಹೆಸರು

ಮೇ ತಿಂಗಳ ಬಿಸಿಲಿಗೆ ಪುಣೆಯೆಲ್ಲ ಬೇಯುತ್ತಿದ್ದಾಗಲೂ ಅವರ ಕಿವಿಯ ಮೇಲೆ ಮಫ್ಲರ್ ಇರುತ್ತಿತ್ತು. ವಿಮಾನ ನಗರದ ನಮ್ಮ ಆಫೀಸಿನಲ್ಲಿ ಎ.ಸಿ. ಗಾಳಿ ನೇರವಾಗಿ ಅವರ ನೆತ್ತಿಗೇ ಬಡಿಯುತ್ತಿತ್ತು. ಜಾಗ ಬದಲಿಸಿ ಕೊಡಿ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಐವತ್ತು ದಾಟಿದ ಮನುಷ್ಯ, ಮೀಸೆ ಚಿಗುರುವ ಹುಡುಗರ ನಡುವೆ ಕೂತು ಎರಡೇ ಬೆರಳಲ್ಲಿ ಕೀಬೋರ್ಡ್ ಕುಟ್ಟುತ್ತಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಮರಾಠಿಯವರಿಗೂ ಕಾಕಾ, ಧಾರವಾಡದ ಕಡೆಯ ನನಗೂ ಕಾಕಾ.

ಬಾಗಲಕೋಟೆ ಕಡೆಯವರು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಪಗಾರದ ಲೆಕ್ಕದ ಪ್ರೋಗ್ರಾಮ್ ಬರೆಯುತ್ತಲೇ ತಲೆ ನರೆಸಿಕೊಂಡಿದ್ದರು. ತೊಂಬತ್ತರ ದಶಕದ ಕೊನೆಗೆ ಕಾರ್ಖಾನೆ ಆ ವಿಭಾಗವನ್ನೇ ಮುಚ್ಚಿ, ಸ್ವಯಂನಿವೃತ್ತಿ ಕೊಟ್ಟು ಕಳಿಸಿತು. ಆಮೇಲೆ ಸದಾಶಿವ ಪೇಠದ ಒಂದು ಕ್ಲಾಸಿನಲ್ಲಿ ಮಗಳ ವಯಸ್ಸಿನವರ ಜೊತೆ ಕೂತು ವೆಬ್‌ಸೈಟ್ ಮಾಡುವುದನ್ನು ಕಲಿತು ನಮ್ಮಲ್ಲಿಗೆ ಬಂದರು. ಮೊದಲ ಕೆಲವು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದು ನಮ್ಮ ಸಾಹೇಬರು ಹೇಳಿದ್ದರಂತೆ. ಪಕ್ಕದ ಕುರ್ಚಿಯವಳು, ಮೇಲಾಗಿ ಕನ್ನಡದವಳು ಎಂದು ಅವರಿಗೆ ಹೇಳಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಏನು ಹೇಳಿದರೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಕಣ್ಣು ತೆರೆದು, ‘ಇನ್ನೊಮ್ಮೆ ಹೇಳ, ತಂಗಿ’ ಎನ್ನುತ್ತಿದ್ದರು. ಹುಡುಗರು ಅದನ್ನು ಅನುಕರಿಸಿ ನಗುತ್ತಿದ್ದರು. ಕಾಕಾ ತಾವೂ ನಗುತ್ತಿದ್ದರು.

ಉಳಿದದ್ದೆಲ್ಲ ಹೇಗೋ ತಲೆಗೆ ಹೋಯಿತು. ಹೋಗದೆ ಉಳಿದದ್ದು ಒಂದೇ. ಅವರ ಕಾರ್ಖಾನೆಯ ಪ್ರೋಗ್ರಾಮಿನಲ್ಲಿ ವಿವರಗಳನ್ನು ಹಿಡಿದಿಡಲು ಬೇಕಾದ ಹೆಸರುಗಳನ್ನೆಲ್ಲ ಮೇಲೆ ಒಮ್ಮೆ ಬರೆದಿಟ್ಟರೆ ಮುಗಿಯಿತು, ಕೊನೆಯ ಸಾಲಿನವರೆಗೆ ಎಲ್ಲಿ ಬೇಕಾದರೂ ಬಳಸಬಹುದಿತ್ತು. ವೆಬ್‌ಸೈಟಿಗಾದರೋ ಒಂದೇ ಹೊತ್ತಿಗೆ ಎಷ್ಟೋ ಜನ ಬರುತ್ತಾರೆ. ಒಬ್ಬರ ವಿವರ ಇನ್ನೊಬ್ಬರಿಗೆ ಕಾಣಬಾರದು. ಯಾವ ಹೆಸರು ಯಾರದ್ದು, ಎಲ್ಲಿಯವರೆಗೆ ನಡೆಯುತ್ತದೆ ಎಂದು ಪ್ರತಿಸಲ ಯೋಚಿಸಬೇಕು. ಜೀವಮಾನದ ರೂಢಿ ಅವರನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ.

ಆಗ ನಾವು ಮದುವೆ ಸಂಬಂಧ ಕೂಡಿಸುವ ಒಂದು ಸಂಸ್ಥೆಗೆ ಸೈಟ್ ಮಾಡುತ್ತಿದ್ದೆವು. ಒಳಗೆ ಬಂದವರ ಹೆಸರು ನೆನಪಿಡುವ ಭಾಗ ಕಾಕಾ ಬರೆದದ್ದು. ತೋರಿಸುವ ದಿನ ಅದರ ಮಾಲೀಕರು ಒಂದು ಕಂಪ್ಯೂಟರಿನಲ್ಲಿ, ಅವರ ತಂಗಿ ಇನ್ನೊಂದರಲ್ಲಿ ತಂತಮ್ಮ ಹೆಸರಿನಿಂದ ಒಳಗೆ ಹೋದರು. ಅಣ್ಣ ಮುಂದಿನ ಪುಟ ತೆರೆದರೆ ಅಲ್ಲಿ ತಂಗಿಯ ಹೆಸರು, ಕೆಳಗೆ ಅವಳಿಗೆ ಹೊಂದುವ ವರಗಳ ಸಾಲು. ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಸಾಹೇಬರು ನಗಲಿಲ್ಲ. ವಯಸ್ಸಾದವರನ್ನು ಇಟ್ಟುಕೊಂಡರೆ ಹೀಗೇ ಎಂದು ಎಲ್ಲರೆದುರೇ ಹೇಳಿ, ಸೋಮವಾರಕ್ಕೆ ಸರಿಯಾಗದಿದ್ದರೆ ಬರುವುದೇ ಬೇಡ ಎಂದರು.

ಸ್ವಲ್ಪ ಹೊತ್ತಿನ ಕೆಲಸ, ನಾನೇ ಸರಿಮಾಡಿ ಕೊಡುತ್ತೇನೆ ಎಂದೆ. ಕಾಕಾ ಮಫ್ಲರ್ ಬಿಚ್ಚಿ ಮಡಚುತ್ತ ಮೆಲ್ಲಗೆ ಹೇಳಿದರು:

‘ನೀ ಮಾಡಿಕೊಟ್ರ ಸೋಮವಾರ ಉಳೀತೀನಿ. ಮಂಗಳವಾರ ಏನ ಮಾಡ್ಲಿ?’

ಹಾಗಾಗಿ ಭಾನುವಾರ ಚಿಂಚವಾಡದ ಕಾರ್ಮಿಕರ ಕಾಲೊನಿಯಲ್ಲಿದ್ದ ಅವರ ಮನೆಗೆ ಹೋದೆ. ಹೇಳಿದೆ, ಚಿತ್ರ ಬರೆದೆ, ಮತ್ತೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಎಂದರು. ಅವರ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ನನಗೆ ರೊಟ್ಟಿ ಮುರಿಯುವಷ್ಟು ತ್ರಾಣವೂ ಉಳಿದಿರಲಿಲ್ಲ. ಇವರಿಗೆ ಇದು ತಿಳಿಯುವುದಿಲ್ಲ ಎಂದು ಒಳಗೊಳಗೇ ಕೈಚೆಲ್ಲಿದ್ದೆ.

ಸಂಜೆ ಚಹಾ ಹಿಡಿದು ಗ್ಯಾಲರಿಯಲ್ಲಿ ನಿಂತಿದ್ದೆವು. ಕೆಳಗೆ ಅಂಗಳದಲ್ಲಿ ಆಡುತ್ತಿದ್ದ ಮಗುವೊಂದು ಬಿದ್ದು ‘ಬಾಬಾ’ ಎಂದು ಅತ್ತಿತು. ಮರಾಠಿ ಮನೆಗಳಲ್ಲಿ ಅಪ್ಪನಿಗೆ ಹಾಗೆನ್ನುತ್ತಾರೆ. ಅಕ್ಕಪಕ್ಕದ ಗ್ಯಾಲರಿಗಳಿಂದ ಮೂರ್ನಾಲ್ಕು ಅಪ್ಪಂದಿರು ಒಟ್ಟಿಗೇ ಕೆಳಗೆ ಬಗ್ಗಿದರು. ಕಾಕಾ ಕಪ್ಪನ್ನು ಕಟ್ಟೆಯ ಮೇಲಿಟ್ಟರು.

‘ಮನಿ ಒಳಗ ಬಾಬಾ ಅಂದ್ರ ಒಬ್ಬನ ಬರ್ತಾನ. ಅಂಗಳದಾಗ ಅಂದ್ರ ಯಾರ ಬೇಕಾದ್ರೂ ಬರ್ತಾರ. ನಾ ಆ ಹೆಸರು ಅಂಗಳದಾಗ ಇಟ್ಟೀನಿ, ತಂಗಿ.’

ನಿಜ, ಒಳಗೆ ಬಂದವರ ಹೆಸರನ್ನು ಅವರು ಇಡೀ ಸೈಟಿಗೆ ಸೇರಿದ ಜಾಗದಲ್ಲಿ ಇಟ್ಟಿದ್ದರು. ಕೊನೆಗೆ ಬಂದವರ ಹೆಸರೇ ಎಲ್ಲರ ಹೆಸರಾಗುತ್ತಿತ್ತು. ಬಂದವರೊಬ್ಬೊಬ್ಬರಿಗೂ ಒಂದೊಂದು ಮನೆ ಬೇಕಿತ್ತು. ದಿನವಿಡೀ ನಾನು ಒದರಿದ್ದೂ ಅದನ್ನೇ, ಆದರೆ ನನಗೂ ಅದು ಪೂರ್ತಿ ಅರ್ಥವಾದದ್ದು ಆಗಲೇ.

ಸೋಮವಾರ ತಮ್ಮ ಎರಡು ಬೆರಳಲ್ಲೇ ಸರಿಮಾಡಿದರು. ಅಣ್ಣ ಅಣ್ಣನಾಗಿ, ತಂಗಿ ತಂಗಿಯಾಗಿ ಉಳಿದರು. ಸಾಹೇಬರು ಬೆನ್ನು ತಟ್ಟಿದರು. ಆದರೂ ತಿಂಗಳ ಕೊನೆಗೆ ಅವರನ್ನು ಕಾಯಂ ಮಾಡಲಿಲ್ಲ. ಆ ಕುರ್ಚಿಗೆ ಬೇರೊಬ್ಬ ಹುಡುಗನನ್ನು ಮೊದಲೇ ಗೊತ್ತುಮಾಡಿದ್ದರಂತೆ.

ಮುಂದೆ ಹೊಸಬರಿಗೆ ಕಲಿಸುವುದೇ ನನ್ನ ಉದ್ಯೋಗವಾಯಿತು. ಅಂಗಳ, ಮನೆ ಎಂದು ಅವರ ಮಾತನ್ನೇ ಹೇಳಿ ಅನ್ನ ತಿಂದೆ. ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಆ ಹೊತ್ತಿಗೆ ವರ್ಷ ವರ್ಷವೂ ಹೊಸದನ್ನು ಕಲಿತು ಕಲಿತು ನಾನೂ ಸಾಕಾಗಿ ಹೋಗಿದ್ದೆ. ನೆನಪಾದದ್ದು ಅವರು ಆಫೀಸು ಬಿಟ್ಟ ದಿನ. ಶಿವಾಜಿನಗರ ನಿಲ್ದಾಣದವರೆಗೆ ಜೊತೆಗೆ ಹೋಗಿದ್ದೆ. ಇಷ್ಟೆಲ್ಲ ಒದ್ದಾಡಿ ಏನು ಸಿಕ್ಕಿತು ಎಂದು ಸಿಟ್ಟಿನಿಂದಲೇ ಕೇಳಿದ್ದೆ.

‘ದಣದೀನಿ, ಖರೆ ಅದ,’ ಎಂದರು. ‘ಆದ್ರ ತಿಳೀಲಾರದ ಹೋಗಿದ್ರ ಭಾಳ ಕೆಟ್ಟ ಅನಸ್ತಿತ್ತು. ತಿಳಕೊಂಡ ಹೊಂಟೀನಿ.’

ಲೋಕಲ್ ರೈಲು ಬಂತು. ಕೂಡಲು ಜಾಗವಿರಲಿಲ್ಲ. ನಿಂತೇ ಹೋದರು.