ಕಪ್ಪು ಬಳಿದ ಚಾಸಿ

ಹಪ್ಪಳ ಮುರಿದರೆ ಎಷ್ಟು ಸದ್ದಾಗುತ್ತದೋ ಅಷ್ಟೇ ಆಗಿತ್ತು. ಒಂದು ಟ್ರಕ್ಕು ಮನುಷ್ಯನ ಮೇಲೆ ಕುಸಿಯುವ ಮುನ್ನ ಇನ್ನೂ ದೊಡ್ಡದೇನೋ ಕೇಳಿಸುತ್ತದೆ, ಸರಿದುಕೊಳ್ಳಲು ಒಂದಿಷ್ಟು ಸಮಯ ಸಿಗುತ್ತದೆ ಎಂದು ನಾನು ನಂಬಿದ್ದೆ. ಆ ಭಾನುವಾರದ ನಂತರ ಆ ನಂಬಿಕೆ ಹೋಯಿತು. ಈಗಲೂ ಊಟದ ಪಂಕ್ತಿಯಲ್ಲಿ ಪಕ್ಕದವರು ಹಪ್ಪಳ ಮುರಿದರೆ ನನ್ನ ಕೈ ತಾನಾಗಿ ಎಲೆಯಿಂದ ಹಿಂದೆ ಬರುತ್ತದೆ.

ಟ್ರಕ್ಕು ನನ್ನ ಭಾವನದು, ಗಂಡನ ಅಣ್ಣನದು. ಅವರ ಮನೆ ಓಲ್ಡ್ ಬ್ರಿಡ್ಜ್‌ನಲ್ಲಿ. ನಾವು ಮೆಟುಚೆನ್‌ನಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರವಾಗಿ ಬಾಡಿಗೆಗಿದ್ದೆವು. ಎರಡು ಸಾವಿರದ ಇಸವಿ ಬಂದರೆ ಲೋಕದ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಭಯ ನಮ್ಮಂಥವರಿಗೆ ಅನ್ನ ಹಾಕುತ್ತಿದ್ದ ಕಾಲ. ಬೆಂಗಳೂರಿನಿಂದ ಈ ಹೊರದೇಶಕ್ಕೆ ವಾರವಾರ ಹೊಸಬರು ಬಂದು ಇಳಿಯುತ್ತಿದ್ದರು. ಪ್ರಾಜೆಕ್ಟ್ ಬದಲಾದರೆ ಮನೆ ಬದಲು. ಅವರ ಹಾಸಿಗೆ, ಹಳೆಯ ಸೋಫಾ, ಅಕ್ಕಿ ಚೀಲ ಎಲ್ಲ ಭಾವನ ಆ ಟ್ರಕ್ಕಿನ, ಹಿಂಬದಿ ತೆರೆದ ಪಿಕಪ್ಪಿನ, ಬೆನ್ನೇರಿ ಹೋಗುತ್ತಿದ್ದವು. ಭಾವ ಬ್ರಿಡ್ಜ್‌ವಾಟರ್‌ನ ಔಷಧ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಆದರೆ ಕನ್ನಡದವರ ನಡುವೆ ಅವರು ‘ಟ್ರಕ್ ಅಂಕಲ್’.

ನನ್ನ ಮಾವನವರಿಗೆ ಹುಬ್ಬಳ್ಳಿಯಲ್ಲಿ ಲಾರಿಗಳಿದ್ದವು. ಆಯುಧಪೂಜೆಯ ಮುನ್ನಾದಿನ ಪ್ರತಿ ಲಾರಿಯ ಕೆಳಗೂ ಕರ್ರಗೆ ಬಣ್ಣ ಬಳಿಯುತ್ತಿದ್ದರಂತೆ. ಗಾಡಿಯ ಇಡೀ ಭಾರ ಹೊರುವ ಎರಡು ಉದ್ದನೆಯ ಕಬ್ಬಿಣದ ತೊಲೆಗಳು, ಅವರ ಮಾತಿನಲ್ಲಿ ಚಾಸಿ, ಮಿರಮಿರ ಹೊಳೆದ ಮೇಲೆಯೇ ಕುಂಕುಮ, ನಿಂಬೆಹಣ್ಣು. ಭಾವ ಅದನ್ನು ಇಲ್ಲಿಗೂ ತಂದಿದ್ದರು. ಪ್ರತಿ ವರ್ಷ ನವರಾತ್ರಿ ಬಂತೆಂದರೆ ಟಾರಿನಂಥ ದಪ್ಪ ಕಪ್ಪು ಲೇಪವನ್ನು ಡಬ್ಬಿಗಟ್ಟಲೆ ತಂದು, ಹಳೆಯ ಪದರದ ಮೇಲೆ ಹೊಸ ಪದರ ಬಳಿಯುತ್ತಿದ್ದರು. ಪೂಜೆಗೆ ಬಂದವರು ಪಂಚೆ ಎತ್ತಿಕಟ್ಟಿ ಬಗ್ಗಿ ನೋಡುತ್ತಿದ್ದರು. “ಏನ್ ಸಾರ್, ಶೋರೂಮ್ ಕಂಡೀಶನ್ ಇಟ್ಟಿದೀರ,” ಅನ್ನುತ್ತಿದ್ದರು. ಭಾವ ಮೀಸೆಯಲ್ಲೇ ನಗುತ್ತಿದ್ದರು.

ಹುಬ್ಬಳ್ಳಿಯ ರಸ್ತೆಯಲ್ಲಿ ಉಪ್ಪು ಇರಲಿಲ್ಲ. ಇಲ್ಲಿ ಹಿಮ ಬೀಳುವ ಮೊದಲೇ, ಅದು ರಸ್ತೆಯಲ್ಲಿ ಗಟ್ಟಿಯಾಗದಿರಲೆಂದು, ಉಪ್ಪು ಎರಚುವ ಗಾಡಿಗಳು ಹೊರಡುತ್ತವೆ. ಹಿಂದೆ ಹೋಗುತ್ತಿದ್ದರೆ ಹರಳುಗಳು ಗಾಜಿಗೆ ಗುಂಡೇಟಿನ ಹಾಗೆ ಬಡಿಯುತ್ತವೆ. ಕರಗಿದ ಉಪ್ಪುನೀರನ್ನು ಚಕ್ರಗಳು ಕೆಳಗಿನಿಂದ ಮೇಲಕ್ಕೆ ಚಚ್ಚುತ್ತವೆ. ಚಾಸಿಯ ತೊಲೆ ಒಳಗೆ ಪೊಳ್ಳು, ಅಲ್ಲಲ್ಲಿ ತೂತು. ಆ ತೂತುಗಳಿಂದ ಹೊಕ್ಕ ಉಪ್ಪುನೀರಿಗೆ ಹೊರಗಿನ ಕಪ್ಪು ಲೇಪ ಏನು ಮಾಡೀತು? ಲೇಪ ಬಿರುಕು ಬಿಟ್ಟಲ್ಲಿ ಒಳಸರಿದ ನೀರು ಆರಲೂ ಇಲ್ಲ. ಕಬ್ಬಿಣ ಒಳಗಿನಿಂದ ಕೊಳೆಯುತ್ತಿತ್ತು, ಹೊರಗಿನ ಚರ್ಮ ಹೊಳೆಯುತ್ತಿತ್ತು. ಇದು ನಮಗೆಲ್ಲ ತಿಳಿದದ್ದು ಆಮೇಲೆ.

ಮಾರ್ಚ್ ತಿಂಗಳು. ಹಿಮ ಕರಗಿ ಬೀದಿಯ ಅಂಚಿನಲ್ಲಿ ಕೊಳಕು ಗುಡ್ಡೆಗಳಷ್ಟೇ ಉಳಿದಿದ್ದವು. ಮಧ್ಯಾಹ್ನದ ಊಟಕ್ಕೆಂದು ಭಾವನ ಮನೆಗೆ ಹೋಗಿದ್ದೆವು. ಒಳಗೆ ಅಕ್ಕ, ಅಂದರೆ ನನ್ನ ಓರಗಿತ್ತಿ, ಜೋಳದ ರೊಟ್ಟಿ ಬಡಿಯುತ್ತಿದ್ದರು. ಹೊಗೆಗೆ ಅಲಾರಂ ಕೂಗಿಕೊಳ್ಳುತ್ತದೆಂದು ಅಡುಗೆಮನೆಯ ಕಿಟಕಿ ತೆರೆದಿತ್ತು. ರೊಟ್ಟಿ ಬಡಿಯುವ ಪಟಪಟ ಸದ್ದು ಮನೆ ಮುಂದೆ ಗಾಡಿ ನಿಲ್ಲಿಸುವ ಡ್ರೈವ್‌ವೇವರೆಗೂ ಬರುತ್ತಿತ್ತು.

ಹಿಂದಿನ ಬಲ ಚಕ್ರದ ಹತ್ತಿರ ಏನೋ ಕಟಕಟ ಅನ್ನುತ್ತಿದೆಯೆಂದು ಭಾವ ಟ್ರಕ್ಕನ್ನು ಜಾಕಿನಿಂದ ಎತ್ತಿ ಚಕ್ರ ಬಿಚ್ಚಿದ್ದರು. ಜಾಕು ಕೊಟ್ಟಿದ್ದು ಚಾಸಿಯ ಕೆಳಗೆ. ಬಿಚ್ಚಿದ ಚಕ್ರವನ್ನು ಚಾಸಿಯ ಅಡಿಯಲ್ಲೇ ಮಲಗಿಸಿ, ಅದರ ಪಕ್ಕಕ್ಕೆ ತಾವು ತೂರಿಕೊಂಡರು. ನಾನು ಬಗ್ಗಿ ಲೈಟ್ ಹಿಡಿದಿದ್ದೆ.

“ನೆಟ್ಟಗ ಹಿಡಿಯವಾ. ಮೈಸೂರಾಗ ದಸರಾ ಲೈಟ್ ನೋಡಿದಾಕಿಗೆ ಒಂದು ಬಲ್ಬ್ ಹಿಡಿಯಾಕ ಬರೂದಿಲ್ಲಂದ್ರ ಹೆಂಗ?”

“ಕೈ ಸೆಟೆದು ಹೋಗ್ತಿದೆ ಭಾವ. ಗ್ಲವ್ಸ್ ತಂದ್ಬಿಡ್ತೀನಿ.”

“ಆತು, ಆತು. ಎರಡ ನಿಮಿಷ.”

ಚಾಸಿಯ ಕಪ್ಪು ಮೈಮೇಲೆ ಒಂದು ಕಡೆ ಬೊಕ್ಕೆಯ ಹಾಗೆ ಉಬ್ಬಿತ್ತು. ಭಾವ ಸುತ್ತಿಗೆಯಿಂದ ಅದನ್ನು ತಟ್ಟಿದರು. ಬೊಕ್ಕೆ ಒಡೆದು ಕಂದು ನೀರು ಅವರ ಕೆನ್ನೆಯ ಮೇಲೆ ಸುರಿಯಿತು. “ಅಬಾಬಾ,” ಎಂದು ಉಗುಳಿದರು. ಅದರ ಪಕ್ಕಕ್ಕೆ ಇನ್ನೊಂದು ಏಟು ಜೋರಾಗಿಯೇ ಕೊಟ್ಟರು. ಆಗಲೇ ಆ ಸದ್ದು.

ನನ್ನ ಕಣ್ಣೆದುರೇ ಜಾಕಿನ ತಲೆ ಚಾಸಿಯೊಳಕ್ಕೆ ಹೊಕ್ಕಿತು. ಬೆರಳು ರೊಟ್ಟಿ ಚುಚ್ಚಿದ ಹಾಗೆ. ಟ್ರಕ್ಕು ಕೆಳಗೆ ಬಂತು. ನೆಲ ನನ್ನ ಮೊಣಕಾಲಿಗೆ ಹೊಡೆಯಿತು, ಲೈಟ್ ಒಡೆಯಿತು, ತುಕ್ಕಿನ ಧೂಳು ಬಾಯಿ ತುಂಬಿತು. ಧೂಳು ಇಳಿದಾಗ ಕಂಡದ್ದು ಇಷ್ಟು: ಮಲಗಿಸಿದ ಚಕ್ರದ ಮೇಲೆ ಚಾಸಿ ಕುಳಿತಿದೆ. ಚಕ್ರದ ದಪ್ಪದಷ್ಟು ಸಂದಿಯಲ್ಲಿ ಭಾವನ ಎದೆ ಇದೆ. ಚಕ್ರಕ್ಕೂ ಚಾಸಿಗೂ ನಡುವೆ, ಮೊಣಕೈಯಿಂದ ಕೆಳಗೆ, ಅವರ ಎಡಗೈ ಇದೆ. ಅದು ಕೈಯ ದಪ್ಪಕ್ಕೆ ಇರಲಿಲ್ಲ.

ಒಳಗೆ ರೊಟ್ಟಿ ಬಡಿಯುವ ಸದ್ದು ಇನ್ನೂ ಎರಡು ಸಲ ಕೇಳಿತು. ಆಮೇಲೆ ನಿಂತಿತು.

ನನ್ನ ಗಂಡ ಬರಿಗಾಲಲ್ಲಿ ಓಡಿಬಂದರು. ಬಂದವರೇ ಟ್ರಕ್ಕಿನ ಅಂಚು ಹಿಡಿದು ಬರಿಗೈಯಲ್ಲಿ ಎತ್ತಲು ನೋಡಿದರು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದವು. ಟ್ರಕ್ಕು ಅಲುಗಿತು, ಏಳಲಿಲ್ಲ. ಅಲುಗಿದ್ದಕ್ಕೆ ಕೆಳಗಿನಿಂದ ಹಲ್ಲು ಕಡಿಯುವ ಸದ್ದು ಬಂತು.

“ಬಿಡಲೇ. ಅಲುಗಾಡಿಸಬ್ಯಾಡ.”

ಅಕ್ಕ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತುರ್ತು ನಂಬರಿನವರ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. “ಲಗೂ ಬರ್ರೀ, ನಮ್ಮ ಯಜಮಾನರು ಗಾಡಿ ಕೆಳಗ ಅದಾರ.” ನಾನು ಫೋನ್ ಕಸಿದುಕೊಂಡು ವಿಳಾಸ ಹೇಳಿದೆ. ಹೇಳುತ್ತಲೇ ನೋಡುತ್ತಿದ್ದೆ: ಚಕ್ರದ ಬದಿಯಿಂದ ರಕ್ತ ಇಳಿದು, ಇಳಿಜಾರಿನಲ್ಲಿ ಹಿಮ ಕರಗಿದ ನೀರಿಗೆ ಸೇರಿ, ಬೀದಿಯ ಕಡೆಗೆ ಹರಿಯುತ್ತಿತ್ತು. ಚಾಸಿ ಚಕ್ರದ ಅಂಚಿನಲ್ಲಿ ಕುಳಿತಿತ್ತು. ಅಲ್ಲಿಯೂ ಅದು ಒಳಗೊಳಗೇ ಪುಡಿಯಾಗುತ್ತಿದ್ದುದು ಕೇಳಿಸುತ್ತಿತ್ತು. ಚಾಸಿ ಅಲ್ಲಿಯೂ ಹರಿದರೆ ಉಳಿದ ಭಾರವೆಲ್ಲ ಭಾವನ ಎದೆಯ ಮೇಲೆ.

ನಮ್ಮ ಕಾರಿನ ಜಾಕು ತಂದೆ. ಗಂಡ ಅದನ್ನು ಚಾಸಿಯ ಇನ್ನೊಂದು ಜಾಗಕ್ಕೆ ಕೊಟ್ಟು ತಿರುಗಿಸತೊಡಗಿದರು. ಆ ಜಾಗವೂ ನಾವೆಲ್ಲ ಬಗ್ಗಿ ನೋಡಿ ಹೊಗಳಿದ್ದ ಜಾಗವೇ, ಕರ್ರಗೆ ಹೊಳೆಯುತ್ತಿತ್ತು. ಮತ್ತೆ ಹಪ್ಪಳ ಮುರಿಯಿತು. ಜಾಕು ಒಳಕ್ಕೆ ಹೋಯಿತು, ಟ್ರಕ್ಕು ಇನ್ನೊಂದು ಬೆರಳಿನಷ್ಟು ಇಳಿಯಿತು. ಈ ಸಲ ಭಾವ ಕೂಗಿದರು.

ಗಂಡ ಜಾಕಿನ ಹಿಡಿ ಬಿಟ್ಟು ಕುಕ್ಕರಿಸಿದರು. “ಎಲ್ಲಿ ಇಡಲಿ? ಅಣ್ಣಾ, ಎಲ್ಲಾ ಪುಡಿಯಾಗೇತಿ. ಎಲ್ಲಿ ಇಡಲಿ?”

ನಾನು ಬಗ್ಗಿ ನೋಡಿದೆ, ಭಾವನ ಕಣ್ಣು ಮುಚ್ಚಿತ್ತು. ಹೋದರು ಅಂದುಕೊಂಡೆ. ಆಮೇಲೆ ಉಸಿರಿಗೊಂದು ಮಾತಿನಂತೆ ಬಂತು. “ಸುತ್ತಿಗಿ ತಗೋ. ಬಡದು ನೋಡು. ಚಾಸಿ ಬ್ಯಾಡ. ಚಕ್ರದಿಂದ ಚಕ್ರಕ್ಕ ಅಡ್ಡ ಹೋಗೇತಲ್ಲ, ಆ ಆಕ್ಸಲ್. ಅದನ್ನ ಬಡಿ. ಸ್ಪ್ರಿಂಗ್ ಹಿಡದ ಕೊಂಡಿ ಬಡಿ. ದನಿ ಕೇಳು.”

“ಬಡದ್ರ ನಿನಗ...”

“ಬಡಿಯಲೇ, ಭಾಡ್ಯಾ.”

ಗಂಡ ಬಡಿದರು. ಬಡಿದ ಪ್ರತಿ ಏಟೂ ಟ್ರಕ್ಕಿನ ಮೂಲಕ ಆ ಕೈಗೆ ಇಳಿಯುತ್ತಿತ್ತು, ಅದು ಭಾವನ ಕಾಲುಗಳಲ್ಲಿ ಕಾಣುತ್ತಿತ್ತು. ಅವರ ಹಿಮ್ಮಡಿ ನೆಲ ಒದೆಯುತ್ತಿತ್ತು. ತುಕ್ಕಿನ ಚಕ್ಕೆಗಳು ಅವರ ಮುಖದ ಮೇಲೆ ಉದುರುತ್ತಿದ್ದವು. ಒಂದು ಕೊಂಡಿಗೆ ಬಡಿದಾಗ ದಬ್ ಎಂದಿತು, ಒದ್ದೆ ಮರಕ್ಕೆ ಬಡಿದ ಹಾಗೆ. ಇನ್ನೊಂದೂ ದಬ್. ಅದರಾಚೆಯದಕ್ಕೆ ಬಡಿದಾಗ ಗಟ್ಟಿಯಾಗಿ ಠಣ್ ಎಂದಿತು. ಆಕ್ಸಲ್ಲಿಗೆ ಬಡಿದಾಗಲೂ ಠಣ್. ಅಷ್ಟು ಒಳ್ಳೆಯ ಸದ್ದನ್ನು ನಾನು ದೇವಸ್ಥಾನದಲ್ಲೂ ಕೇಳಿಲ್ಲ.

“ಅಲ್ಲೇ,” ಎಂದರು ಭಾವ.

ಗಂಡ ಆಕ್ಸಲ್ಲಿನ ಕೆಳಗೆ ಜಾಕು ಕೊಟ್ಟು ತಿರುಗಿಸಿದರು. ಆಕ್ಸಲ್ ಎದ್ದರೆ ಸ್ಪ್ರಿಂಗು, ಸ್ಪ್ರಿಂಗಿನ ಕೊಂಡಿ ಹಿಡಿದರೆ ಚಾಸಿಯೂ ಏಳಬೇಕಿತ್ತು. ಸ್ಪ್ರಿಂಗು ನರಳಿತು. ಒಂದು ಕೊಂಡಿಯಾದರೂ ಹಿಡಿಯುತ್ತದೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ನಾನು ಭಾವನ ಜಾಕೆಟ್ಟಿನ ಕಾಲರನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಮುಂದಿನ ಚಕ್ರಕ್ಕೆ ಒತ್ತಿ ಕುಳಿತಿದ್ದೆ. ಚಾಸಿ ಚಕ್ರದಿಂದ ಎದ್ದ ಕೂಡಲೇ ಎಳೆದೆ. ಅವರ ಬೆನ್ನು ಕಾಂಕ್ರೀಟಿನ ಮೇಲೆ ಉಜ್ಜಿಕೊಂಡು ಬಂತು. ಕೈ ಹಿಂದೆ ಬಂತು, ತೋಳಿನ ಬಟ್ಟೆಗೆ ನೇತುಬಿದ್ದ ಬೇರೇನೋ ವಸ್ತುವಿನ ಹಾಗೆ. ನಾವು ಟ್ರಕ್ಕಿನಿಂದ ದೂರ ಬಂದು ಬಿದ್ದ ಮೇಲೆ ಆ ಕೊಂಡಿಯೂ ಹರಿಯಿತು. ಟ್ರಕ್ಕು ತನ್ನ ಬೆನ್ನು ಮುರಿದುಕೊಂಡು ಕೆಳಗೆ ಕುಳಿತಿತು.

ಕೈ ಉಳಿಯಿತು. ಅದರೊಳಗೆ ಲೋಹದ ಪಟ್ಟಿ, ತಿರುಪು. ಎರಡು ಬೆರಳು ಮಡಚುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ಭಾವ ಮನೆಯೊಳಗೆ ಕಾಲಿಡಲಿಲ್ಲ. ಗರಾಜಿಗೆ ಹೋಗಿ ದೊಡ್ಡ ಸುತ್ತಿಗೆಯನ್ನು ಬಲಗೈಯೊಂದರಲ್ಲೇ ಎಳೆದು ತಂದು, ಮುರಿದು ಬಿದ್ದಿದ್ದ ಟ್ರಕ್ಕಿನ ಚಾಸಿಗೆ ಹೊಡೆಯತೊಡಗಿದರು. ಹೊಡೆದಲ್ಲೆಲ್ಲ ಕಪ್ಪು ಚರ್ಮ ಹರಿದು ಕೆಂಪು ಪುಡಿ ಸುರಿಯಿತು. ಹಾಕಿದ್ದ ಹೊಲಿಗೆ ಬಿಚ್ಚಿ ಬ್ಯಾಂಡೇಜು ಒದ್ದೆಯಾಗುವವರೆಗೂ ಹೊಡೆದರು. ನನ್ನ ಗಂಡ ಹಿಡಿದುಕೊಳ್ಳಲು ಹೋದರೆ ಅವರ ಮೇಲೂ ಸುತ್ತಿಗೆ ಎತ್ತಿದರು. ಕೊನೆಗೆ ಅಕ್ಕ ಬಾಗಿಲಲ್ಲಿ ನಿಂತು ಸಾವಕಾಶವಾಗಿ ಹೇಳಿದರು: “ಸಾಕ್ರೀ. ಅದು ಸತ್ತೈತಿ.”

ಆಗ ಕೈಬಿಟ್ಟರು.

ಆ ವರ್ಷದ ಆಯುಧಪೂಜೆಗೆ ಬೇರೊಂದು ಟ್ರಕ್ಕು ಬಂದಿತ್ತು, ಹಳೆಯದೇ, ಆದರೆ ಹಿಮ ಬೀಳದ ದಕ್ಷಿಣದ ರಾಜ್ಯವೊಂದರದು. ಅದಕ್ಕೆ ಕಪ್ಪು ಬಳಿಯಲಿಲ್ಲ. ಕೆಳಗೆಲ್ಲ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡೆಣ್ಣೆಯನ್ನು ಉದ್ದನೆಯ ನಳಿಗೆಯಿಂದ ಚಾಸಿಯ ಪ್ರತಿ ತೂತಿನೊಳಗೂ ಸಿಂಪಡಿಸಿದರು. ಆ ಎಣ್ಣೆ ಗಟ್ಟಿಯಾಗುವುದಿಲ್ಲ, ನೀರನ್ನು ಹಿಡಿದಿಡುವುದಿಲ್ಲ. ನೋಡಲು ಕೊಳಕು, ವಾಸನೆಯೂ ಅಷ್ಟೇ. ಚಳಿಗಾಲದಲ್ಲಿ ಒಂದಿಷ್ಟು ಬೆಚ್ಚಗಿನ ದಿನ ಸಿಕ್ಕರೆ ಸಾಕು, ಕೆಳಗೆ ಪೈಪ್ ಹಿಡಿದು ಉಪ್ಪು ತೊಳೆಯುತ್ತಾರೆ.

“ಏನ್ ಸಾರ್, ಈ ಸಲ ಮೇಕಪ್ ಇಲ್ವಾ?” ಎಂದು ಪೂಜೆಗೆ ಬಂದ ಒಬ್ಬರು ಬಗ್ಗಿ ಕೇಳಿದರು.

“ಬಡದು ನೋಡ್ರಿ,” ಎಂದು ಭಾವ ಸುತ್ತಿಗೆ ಕೊಟ್ಟರು. ಅವರು ನಗುತ್ತಾ ತಟ್ಟಿದರು. ಠಣ್ ಎಂದಿತು. ನಾನು ಮಂಗಳಾರತಿಯ ತಟ್ಟೆಯಲ್ಲಿ ಕರ್ಪೂರ ಹಚ್ಚಿದೆ.

ಎಣ್ಣೆ ಪ್ರತಿ ವರ್ಷ ಹೊಡೆಯಬೇಕು. ಅಂದರೆ ಪ್ರತಿ ವರ್ಷ ಯಾರಾದರೂ ಕೆಳಗೆ ಹೋಗಬೇಕು. ಭಾವ ಬೇರೆಯವರನ್ನು ಹೋಗಬಿಡುವುದಿಲ್ಲ. ಈಗ ಆಕ್ಸಲ್ಲಿನ ಕೆಳಗೆ ಎರಡು ಕಡೆ ಗಟ್ಟಿ ಸ್ಟ್ಯಾಂಡುಗಳಿರುತ್ತವೆ, ಚಕ್ರ ಬಿಚ್ಚುವುದಿಲ್ಲ. ಆದರೂ ಎರಡು ಮಡಚದ ಬೆರಳುಗಳ ಆ ಕೈಯಲ್ಲಿ ನಳಿಗೆ ಹಿಡಿದು ಅವರು ಕರೆಯುತ್ತಾರೆ. “ಲೈಟ್ ಹಿಡಿ ಬಾರವಾ, ಮೈಸೂರಾಕಿ.”

ಹೋಗುತ್ತೇನೆ. ಅವರು ಮಲಗುವ ಮುನ್ನ ಲೈಟ್ ನೆಲಕ್ಕಿಟ್ಟು, ಎರಡೂ ಅಂಗೈಯನ್ನು ಟ್ರಕ್ಕಿನ ಬದಿಗೆ ಒತ್ತಿ, ಮೈಯ ಭಾರವೆಲ್ಲ ಹಾಕಿ ನೂಕುತ್ತೇನೆ. ಭುಜ ಕೊಟ್ಟು ಗುದ್ದುತ್ತೇನೆ. ಬೀಳುವುದಿದ್ದರೆ ಈಗಲೇ ಬೀಳಲಿ. ನನ್ನ ಭುಜ ಆಮೇಲೆ ಕೆಲವು ದಿನ ನೀಲಿಯಾಗಿರುತ್ತದೆ.

“ಸಾಕ್ ಬಿಡವಾ,” ಅನ್ನುತ್ತಾರೆ ಭಾವ. “ಈ ಗಾಡಿ ನಿನಗೇನು ಮಾಡೇತಿ?”

ನಾನು ಇನ್ನೊಂದು ಬದಿಗೆ ಹೋಗಿ ಅಲ್ಲಿಂದಲೂ ನೂಕುತ್ತೇನೆ. ಅಲ್ಲಿಯವರೆಗೆ ಅವರು ಮಲಗುವುದಿಲ್ಲ, ಕಾಯುತ್ತಾರೆ.